ತೊಳೆಯದ ಸ್ವೆಟರ್

ನೇತ್ರಾ ರೇಣವ್ವನನ್ನು ಮೊದಲು ಕಂಡದ್ದು ಖಾಸಬಾಗದ ನೇಕಾರರ ಓಣಿಯೊಂದರಲ್ಲಿ, ಜಿಟಿಜಿಟಿ ಮಳೆ ಹಿಡಿದ ಒಂದು ಮಧ್ಯಾಹ್ನ. ಓಣಿಯ ಎರಡೂ ಕಡೆಯ ಮನೆಗಳಿಂದ ಪವರ್‌ಲೂಮ್‌ಗಳ ಸದ್ದು ಎಷ್ಟು ಜೋರಾಗಿ ಬರುತ್ತಿತ್ತೆಂದರೆ, ತನ್ನ ಕೊಡೆಯ ಮೇಲೆ ಬೀಳುವ ಮಳೆಯೇ ಅವಳಿಗೆ ಕೇಳುತ್ತಿರಲಿಲ್ಲ. ಒಂದು ಕೈಯಲ್ಲಿ ಬಟ್ಟೆಯ ಬ್ಯಾಗು, ಇನ್ನೊಂದರಲ್ಲಿ ಅಜ್ಜಿ ಕಟ್ಟಿಕೊಟ್ಟ ಅವಲಕ್ಕಿಯ ಡಬ್ಬಿ. ಬಿ.ಎಡ್. ಓದಲು ಖಾನಾಪುರದ ಕಡೆಯ ಹಳ್ಳಿಯಿಂದ ಬಂದಿದ್ದವಳು ಬೆಳಗಿನಿಂದ ಬಾಡಿಗೆ ಕೋಣೆ ಹುಡುಕುತ್ತಿದ್ದಳು. ಎರಡು ಮನೆಗಳಲ್ಲಿ ಕೋಣೆಯನ್ನೇನೋ ತೋರಿಸಿದ್ದರು. ಅಡ್ಡಹೆಸರು ಕೇಳಿ ಜಾತಿ ತಿಳಿದುಕೊಂಡ ಮೇಲೆ, "ಅಯ್ಯ, ನಿನ್ನೆನ ಯಾರೋ ಹೇಳಿ ಹೋಗ್ಯಾರವಾ" ಎಂದು ಬಾಗಿಲು ಹಾಕಿಕೊಂಡಿದ್ದರು.

ಮೂರನೆಯ ಮನೆಯ ಕಟ್ಟೆಯ ಮೇಲೆ ಒಬ್ಬ ಹೆಂಗಸು ರಾಟೆಯ ಮುಂದೆ ಕೂತು, ಮಗ್ಗಕ್ಕೆ ಬೇಕಾಗುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಹಸಿರು ಇಳಕಲ್ಲ ಸೀರೆ, ಹಣೆಯಲ್ಲಿ ಅಗಲವಾಗಿ ಬಳಿದ ಅರಿಷಿಣದ ಭಂಡಾರ. ನೇತ್ರಾ ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆಗ ಆ ಹೆಂಗಸು ಮಾಡಿದ್ದನ್ನು ನೇತ್ರಾ ಇವತ್ತಿಗೂ ಮರೆತಿಲ್ಲ. ರಾಟೆಯ ಮೇಲಿನ ಕೈ ಅಲ್ಲೇ ನಿಂತಿತು. ತಲೆಯನ್ನು ಸ್ವಲ್ಪ ವಾಲಿಸಿ, ಕತ್ತಲಾಗಿದ್ದ ಮನೆಯೊಳಕ್ಕೆ ಕಿವಿಗೊಟ್ಟು ಕೂತಳು. ಒಳಗಿನಿಂದ ಯಾರೋ ಈಗಷ್ಟೇ ಮಾತನಾಡಲಿದ್ದಾರೆ ಎನ್ನುವ ಹಾಗೆ.

"ಕಾಕೂ, ಖೋಲಿ ಖಾಲಿ ಐತೇನ್ರಿ?" ಎಂದಳು ನೇತ್ರಾ.

ಹೆಂಗಸು ಬೆಚ್ಚಿ ತಿರುಗಿದಳು. ನೇತ್ರಾಳ ಮುಖವನ್ನಲ್ಲ, ಅವಳ ಹೆಗಲನ್ನು, ಎತ್ತರವನ್ನು, ತೊಯ್ದ ಜಡೆಯನ್ನು ನೋಡಿದಳು. ಅಡ್ಡಹೆಸರು ಕೇಳಲಿಲ್ಲ. "ಹಿಂಗ ತೊಯ್ಸಿಕೊಂಡು ನಿಂತ್ರ ಥಂಡಿ ಹತ್ತೂದಿಲ್ಲೇನ? ಒಳಗ ಬಾ" ಎಂದು ಕೈ ಹಿಡಿದು ಕರೆದೊಯ್ದಳು. ಟ್ರಂಕು ತೆರೆದು, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಇಟ್ಟಿದ್ದ ಕಂದು ಬಣ್ಣದ ಸ್ವೆಟರ್ ತೆಗೆದು, "ಹಾಕ್ಕೋ" ಎಂದಳು.

ಅಳತೆಗೆ ಹೊಲಿಸಿದ ಹಾಗೆ ಕೂತಿತು. ಒಳಗಿನಿಂದ ಹಳೆಯ ಕೊಬ್ಬರಿ ಎಣ್ಣೆ, ಪೌಡರು, ಅದರ ಕೆಳಗೆ ಇನ್ನೊಬ್ಬರ ಮೈಯ ವಾಸನೆ ಬಂತು. ಹೆಂಗಸು ಹತ್ತಿರ ಬಂದು, ನೇತ್ರಾಳ ಕುತ್ತಿಗೆಯ ಬಳಿ ಮೂಗು ಒಯ್ದು, ಕಣ್ಣು ಮುಚ್ಚಿ ಮೆಲ್ಲಗೆ ಉಸಿರೆಳೆದುಕೊಂಡಳು. ನೇತ್ರಾಳ ಮೈ ಜುಮ್ಮೆಂದಿತು. ಆದರೂ ಅವಳು ಸರಿಯಲಿಲ್ಲ.

ಅಷ್ಟರಲ್ಲಿ ಮನೆಯ ಯಜಮಾನ ಲಕ್ಷ್ಮಪ್ಪ ಊಟಕ್ಕೆಂದು ಬಂದ. ಆಟೋ ನಗರದ ಗ್ಯಾರೇಜೊಂದರಲ್ಲಿ ಕೆಲಸ. ಹೊಸ್ತಿಲು ದಾಟಿದವನು ಸ್ವೆಟರ್ ನೋಡಿ ಅಲ್ಲೇ ನಿಂತುಬಿಟ್ಟ.

"ಯಾರಿಕಿ?"

"ಖೋಲಿಗೆ ಬಂದಾಳ" ಎಂದಳು ರೇಣವ್ವ.

"ಯಾವ ಮಂದಿವಾ ನೀವು?"

ನೇತ್ರಾ ಬ್ಯಾಗಿನ ಹಿಡಿಕೆಯನ್ನು ಬಿಗಿ ಹಿಡಿದಳು. "ಬುದ್ಧನ ಮಂದಿ ಅದೇವ್ರಿ ಕಾಕಾ."

ಲಕ್ಷ್ಮಪ್ಪ ಏನೋ ಹೇಳಹೊರಟ. ರೇಣವ್ವ ಬಿಡಲಿಲ್ಲ. "ಕ್ಯಾಲೆಂಡರಿನ್ಯಾಗ ನೋಡೀನಿ ತಗೋ. ಹೆಗಲ ಮ್ಯಾಲ ಕುಂಟಮರಿ ಹೊತ್ಕೊಂಡು ನಿಂತಾನ. ನಮ್ಮ ಹಾಲಮತದ ಕುರುಬನ ಇರಬೇಕಂತ ತಿಳದಿದ್ದೆ."

ನೇತ್ರಾಳಿಗೆ ನಗು ಬಂತು. ಕೋಣೆ ಸಿಕ್ಕಿತು.

ಸ್ವೆಟರ್ ಯಾರದೆಂದು ಮರುದಿನ ಗೊತ್ತಾಯಿತು. ಹೇಳಿದವಳು ಎದುರು ಮನೆಯ ಕಾಂತಾ. ರೇಣವ್ವ ಕಂಡಿಕೆ ಸುತ್ತುತ್ತಿದ್ದದ್ದು ಅವರ ಮಗ್ಗಗಳಿಗೇ. ಲಕ್ಷ್ಮಪ್ಪ-ರೇಣವ್ವರಿಗೆ ಪೂನಮ ಎಂಬ ಒಬ್ಬಳೇ ಮಗಳು. ಪಿಯುಸಿ ಓದುವಾಗ ಡೆಂಗಿ ಜ್ವರ ಬಂತು. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ದವಾಖಾನೆಗೆ ಒಯ್ದರು, ಮನೆಗೆ ತಂದದ್ದು ಹೆಣವನ್ನೇ. "ಅವತ್ತಿನಿಂದ ರೇಣವ್ವ ಯಾರ ಸತ್ತರೂ ಮಣ್ಣಿಗೆ ಬರೂದಿಲ್ಲ, ಸತ್ತವರ ಮನಿಗೆ ಬುತ್ತಿ ಒಯ್ಯೂದಿಲ್ಲ" ಎಂದಳು ಕಾಂತಾ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಓಣಿಯವರು ಸರತಿಯಂತೆ ರೊಟ್ಟಿ-ಅನ್ನ ಒಯ್ದು ಆ ಮನೆಯವರಿಗೆ ಉಣ್ಣಿಸುವುದು ಅಲ್ಲಿಯ ರೂಢಿ. ಅದನ್ನು ಬಿಟ್ಟವಳೆಂದರೆ ಓಣಿಯನ್ನೇ ಬಿಟ್ಟ ಹಾಗೆ.

ರೇಣವ್ವನ ಮನೆಯಲ್ಲಿ ಪೂನಮ ಇನ್ನೂ ಸತ್ತಿರಲಿಲ್ಲ. ಬಾಗಿಲ ಬಳಿ ಅವಳ ಚಪ್ಪಲಿ ಹೊರಗೆ ಹೊರಡುವ ದಿಕ್ಕಿಗೆ ಮುಖ ಮಾಡಿತ್ತು. ದಿನವೂ ರೇಣವ್ವ ಅದರ ಧೂಳು ಒರೆಸುತ್ತಿದ್ದಳು. ಉಣ್ಣುವಾಗ ಒಂದು ತಾಟು ಹೆಚ್ಚಿಗೆ ಬೀಳುತ್ತಿತ್ತು. ಕರೆಂಟು ಹೋದಾಗಲೆಲ್ಲ ಅವಳು ಕಿವಿಗೊಡುವುದರ ಕಾರಣವೂ ತಿಳಿಯಿತು. ಪೂನಮ ಗಟ್ಟಿಯಾಗಿ ಓದುವ ಹುಡುಗಿ. ಮಗ್ಗಗಳ ಸದ್ದಿನಲ್ಲಿ ಓದು ಕೇಳುತ್ತಿರಲಿಲ್ಲ. ಕರೆಂಟು ಹೋಗಿ ಓಣಿ ಸುಮ್ಮನಾದಾಗ ಮಾತ್ರ ಒಳಗಿನ ಕೋಣೆಯಿಂದ ಅವಳ ದನಿ ಕಟ್ಟೆಯವರೆಗೆ ಬರುತ್ತಿತ್ತು. ತಾಯಿ ಇನ್ನೂ ಅದನ್ನೇ ಕಾಯುತ್ತಿದ್ದಳು.

ಒಂದು ಸಂಜೆ ಕರೆಂಟು ಹೋದಾಗ ನೇತ್ರಾ ಆ ಒಳಕೋಣೆಯಲ್ಲೇ, ಪೂನಮಳ ಮಂಚದ ಮೇಲೆ ಕೂತಿದ್ದಳು. ಕಟ್ಟೆಯ ಕಡೆಯಿಂದ ಕೇಳಿತು, "ಪೂನಮಾ... ಓದಾಕತ್ತೀಯೇನ?"

ನೇತ್ರಾ ಪುಸ್ತಕ ತೆರೆದು, ಮೊಬೈಲಿನ ಬೆಳಕಿನಲ್ಲಿ ಗಟ್ಟಿಯಾಗಿ ಓದತೊಡಗಿದಳು. ಪಾಪ ಅನ್ನಿಸಿತ್ತು, ಅಷ್ಟೇ. ಹೊರಗೆ ರಾಟೆ ಮತ್ತೆ ತಿರುಗಿತು. ಆ ರಾತ್ರಿ ರೇಣವ್ವ ರೊಟ್ಟಿಯ ಮೇಲೆ ಒಂದು ಮುದ್ದೆ ಬೆಣ್ಣೆ ಹೆಚ್ಚಿಗೆ ಇಟ್ಟಳು. ಮರುದಿನ ಜಡೆ ಹಾಕುತ್ತೇನೆಂದು ಕರೆದು ಎರಡು ಜಡೆ ಹಾಕಿದಳು. ಗೋಡೆಯ ಮೇಲಿನ ಪೂನಮಳ ಫೋಟೋದಲ್ಲಿ ಇದ್ದದ್ದೂ ಎರಡು ಜಡೆಯೇ. "ಕಾಕು ಅನಬ್ಯಾಡ, ಅವ್ವಾ ಅನ್ನು" ಎಂದಳು.

ನೇತ್ರಾ ನಡೆಯಲು ಕಲಿಯುವ ಮುಂಚೆಯೇ ಅವಳ ತಾಯಿ ತೀರಿಕೊಂಡಿದ್ದಳು. ಬೆಳೆಸಿದವಳು ಅಜ್ಜಿ ಚಂದ್ರಭಾಗಾ. ಖಾನಾಪುರದ ಹೆಂಚಿನ ಭಟ್ಟಿಯಲ್ಲಿ ದುಡಿದು ಮೊಮ್ಮಗಳನ್ನು ಡಿಗ್ರಿಯವರೆಗೆ ಓದಿಸಿದವಳು. ನೇತ್ರಾ ಆವರೆಗೆ ಯಾರನ್ನೂ ಅವ್ವಾ ಎಂದು ಕರೆದಿರಲಿಲ್ಲ. ತಲೆಯಲ್ಲಿ ಎಣ್ಣೆಯ ಬೆರಳುಗಳು ಓಡಾಡುತ್ತಿರುವಾಗ ಆ ಮಾತು ತಾನಾಗಿಯೇ ಬಂದುಬಿಟ್ಟಿತು. ಸುಖವಾಯಿತು. ಆ ಸುಖದ ಹಿಂದೆಯೇ ಸಣ್ಣಗೆ ಭಯವೂ ಆಯಿತು.

ಭಯ ಬೆಳೆಯುತ್ತ ಹೋಯಿತು. ಕಾಲೇಜಿನಲ್ಲಿ ಯಾರೋ "ನೇತ್ರಾ" ಎಂದು ಎರಡು ಸಲ ಕರೆದರೂ ಅವಳು ತಿರುಗಿ ನೋಡಲಿಲ್ಲ. ಮನೆಯಲ್ಲಿ "ಪೂನಮಾ" ಎಂದರೆ ಕಾಲು ತಾನೇ ಏಳುತ್ತಿತ್ತು. ಅವಳಿಗೆ ಇಷ್ಟವಿಲ್ಲದ ಹಾಗಲಕಾಯಿ ಪೂನಮಳಿಗೆ ಇಷ್ಟವಂತೆ. ಅದನ್ನೂ ತಿಂದಳು. ಒಂದೊಂದು ಸಲ ಮಂಚದ ಮೇಲೆ ಮಲಗಿದಾಗ, ಬಾಜುವಿನಲ್ಲಿ ಇನ್ನೊಬ್ಬ ಹುಡುಗಿ ಗೋಡೆಯ ಕಡೆ ಮುಖ ಮಾಡಿ, ತನ್ನ ಜಾಗ ಹೋಯಿತೆಂದು ಉಸಿರು ಬಿಗಿಹಿಡಿದು ಮಲಗಿದ್ದಾಳೆ ಅನ್ನಿಸುತ್ತಿತ್ತು.

"ಏನವಾ ಹುಡುಗಿ," ಎಂದು ಕಾಂತಾ ಒಂದು ದಿನ ನಲ್ಲಿಯ ಬಳಿ ಚುಚ್ಚಿದಳು, "ನಿನಗ ಖರೇ ಖರೇ ಹೆಸರ ಅಂತ ಒಂದು ಐತಿಲ್ಲ? ಇಲ್ಲಾ ಅದನ್ನೂ ಖೋಲಿ ಜೋಡಿನ ಕೊಟ್ಟಾಳ?"

ಮುಂದಿನ ರವಿವಾರ ಊರಿಗೆ ಹೋದಾಗ ಅಜ್ಜಿ ಬಾಗಿಲಲ್ಲೇ ಅವಳನ್ನು ಹಿಡಿದು ಮೂಸಿದಳು. "ಅಗ ಬಾಯಿ, ಯಾರ ವಾಸನಿ ಇದು?"

ನೇತ್ರಾ ಎಲ್ಲ ಹೇಳಿದಳು. ಅಜ್ಜಿ ಅವಳನ್ನು ಎದುರಿಗೆ ಕೂರಿಸಿಕೊಂಡಳು. ಹುಣ್ಣಿಮೆಗೊಮ್ಮೆ ಊರ ಬುದ್ಧವಿಹಾರದಲ್ಲಿ ಕೂತು, ಮೊದಲು ತನಗೆ, ಆಮೇಲೆ ತನ್ನವರಿಗೆ, ಆಮೇಲೆ ಗುರುತಿಲ್ಲದವರಿಗೆ, ಕೊನೆಗೆ ತನಗೆ ಆಗದವರಿಗೂ ಒಳ್ಳೆಯದಾಗಲಿ ಎಂದು ಮೈತ್ರಿಯನ್ನು ಬಯಸುವವಳು ಅವಳು.

"ವಿಹಾರದ ಭಂತೇಜಿ ನನಗ ಒಂದ ಮಾತ ಹೇಳಿಕೊಟ್ಟಾರ" ಎಂದಳು. "ಮೈತ್ರಿ ಜೀವಂತ ಇದ್ದವರಿಗೆ ಬಯಸೂದು. ಸತ್ತವರಿಗೆ ಬಯಸಾಕ ಹೋದ್ರ ಅದು ಹೋಗಿ ಮುಟ್ಟೂದಿಲ್ಲ, ಮನಸಿನ್ಯಾಗ ಸುತ್ತಾಡಿ ಸುತ್ತಾಡಿ ಸುಡತೈತಿ. ಸತ್ತವರ ಹೆಸರಿಲೆ ಇದ್ದವರಿಗೆ ಒಳ್ಳೇದು ಮಾಡಬೇಕು. ಆ ಪುಣ್ಯದ ಪಾಲು ಅವರಿಗೆ ಬಿಡಬೇಕು. ನಿನ್ನ ಕಾಕು ಮಾಯಾ-ಪ್ರೀತಿ ಮಾಡಾಕತ್ತಾಳ, ಖರೇ. ನಿನಗಲ್ಲ."

"ಹಂಗಾರ ಖೋಲಿ ಬಿಡ್ಲೇನು?"

"ಬಿಟ್ಟು ಓಡಿ ಬಂದ್ರ ಅದು ಕರುಣಾ ಆಗತೈತೇನು? ಇದ್ದು ಖರೇ ಹೇಳೂದು ಕಷ್ಟ. ನೋಡು, ನಿನಗ ಆಗತೈತೇನು."

ಆಗಲಿಲ್ಲ. ಖಾಸಬಾಗಕ್ಕೆ ಮರಳಿದ ಸಂಜೆಯೇ ರೇಣವ್ವ ಸ್ವೆಟರ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನೇತ್ರಾ ಅದನ್ನು ತೆಗೆದುಕೊಂಡು ತೊಟ್ಟಳು. ಹೇಳಿದರೆ ಕೋಣೆ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ಆ ಮುಖದ ಮೇಲಿನ ಬೆಳಕು ಆರಿಬಿಡಬಹುದು.

ಅವಳ ಸಂಕಟ ಲಕ್ಷ್ಮಪ್ಪನಿಗೆ ತಿಳಿದಿತ್ತು. ಒಂದು ಬೆಳಿಗ್ಗೆ ಸೈಕಲ್ ಒರೆಸುತ್ತ, ಅವಳ ಕಡೆ ನೋಡದೆ ಮಾತು ತೆಗೆದ.

"ನಿಮ್ಮ ಕಾಕು ಕುರಿಹಟ್ಟ್ಯಾಗ ಬೆಳದಾಕಿ. ಒಂದ ಕುರಿ ಮರಿ ಸತ್ತಿತಂದ್ರ, ಅದರ ತಾಯಿ ಬ್ಯಾರೇ ಮರಿಗೆ ಹಾಲ ಕೊಡೂದಿಲ್ಲ. ಮೂಸಿ ನೋಡಿ ಒದೀತೈತಿ. ಅದಕ್ಕ ನಾವೇನ ಮಾಡತೇವಿ, ಸತ್ತ ಮರಿ ತೊಗಲ ಸುಲದು, ತಾಯಿ ಇಲ್ಲದ ಮರಿಗೆ ಅಂಗಿ ಹಂಗ ತೊಡಸ್ತೇವಿ. ತಾಯಿ ಮೂಸತೈತಿ, ತನ್ನದ ಅಂತ ತಿಳದು ಹಾಲ ಬಿಡತೈತಿ. ರೇಣಿ ಕೈ ಅದರಾಗ ಪಳಗಿದ್ದು. ಹಟ್ಟಿಯವರೆಲ್ಲ ಅಕಿನ್ನ ಕರೀತಿದ್ರು."

"ಆಮ್ಯಾಲ್ರಿ?"

"ನಾಕ ದಿವ್ಸಕ್ಕ ತೊಗಲ ತಗೀಬೇಕು. ಅಷ್ಟರಾಗ ತನ್ನ ಹಾಲಿನ ವಾಸನೀನ ಮರಿ ಮೈಗೆ ಹತ್ತಿರತೈತಿ, ತಾಯಿ ಬಿಡೂದಿಲ್ಲ. ತಗೀದಿದ್ರ ತೊಗಲ ಕೊಳೀತೈತಿ. ಒಳಗಿನ ಮರಿಗೂ ಹುಣ್ಣ ಬೀಳತಾವು." ಅವನು ಬಟ್ಟೆಯನ್ನು ಹಿಂಡಿದ. "ಹಟ್ಟ್ಯಾಗ ಅಕಿ ಒಂದ ಸಲಾನೂ ತಗಿಯೂದು ಮರತಾಕಿ ಅಲ್ಲ. ಇಲ್ಲಿ ಮರತಾಳ. ನಾ ತಗೀ ಅನ್ನಾಕ ಹೋದ್ರ, ಪೂನಮ ಇನ್ನೊಮ್ಮೆ ಸತ್ತಂಗ ಆಗತೈತಿ. ನನ್ನ ಕೈಲೆ ಆಗೂದಿಲ್ಲವಾ."

ಶ್ರಾವಣದಲ್ಲಿ ನೇತ್ರಾಳಿಗೆ ಜ್ವರ ಬಂತು.

ಲಕ್ಷ್ಮಪ್ಪ ರಿಪೇರಿಯಾದ ಗಾಡಿಯೊಂದನ್ನು ಮುಟ್ಟಿಸಲು ಹುಬ್ಬಳ್ಳಿಗೆ ಹೋಗಿದ್ದ. ಮೊದಲ ದಿನ ರೇಣವ್ವ ಕಷಾಯ ಕೊಟ್ಟಳು. ಎರಡನೆಯ ದಿನ ಜ್ವರ ಏರಿತು. ಕಣ್ಣಿನ ಹಿಂದೆ ನೋವು, ಕೀಲುಗಳಲ್ಲಿ ನೋವು. ನೇತ್ರಾ "ದವಾಖಾನಿಗೆ ಹೋಗೂಣು" ಎಂದಾಗ ರೇಣವ್ವನ ಮುಖ ಬದಲಾಯಿತು. ಎದ್ದು ಬಾಗಿಲಿಗೆ ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂತಳು.

"ಬ್ಯಾಡ. ದವಾಖಾನಿ ಹೆಸರ ತಗೀಬ್ಯಾಡ. ಅಲ್ಲಿ ಒಯ್ದವರನ್ನ ಅವರು ಹೊರಳಿ ಕೊಡೂದಿಲ್ಲ. ಈ ಸಲ ನಾ ಕಳಸೂದಿಲ್ಲ. ಇಲ್ಲೇ ಇರು. ನನ್ನ ಕಣ್ಣ ಮುಂದ ಇರು."

ಸ್ವೆಟರ್ ತಂದು ತೊಡಿಸಿದಳು. ಮೇಲೆ ಕಂಬಳಿ ಹೊದಿಸಿದಳು. ನೇತ್ರಾಳ ಫೋನು ಚಾರ್ಜಿಲ್ಲದೆ ಬಂದಾಗಿತ್ತು. ಕೂಗಿದರೂ ಮಗ್ಗಗಳ ಸದ್ದಿನಲ್ಲಿ ಓಣಿಗೆ ಕೇಳುವಂತಿರಲಿಲ್ಲ. ಸ್ವೆಟರಿನೊಳಗೆ ಮೈ ಬೇಯುತ್ತಿತ್ತು. ಬೆವರಿಗೆ ಆ ಹಳೆಯ ವಾಸನೆ ನೆನೆದು ಎದ್ದು, ಮೂಗಿಗೆ, ಬಾಯಿಗೆ ತುಂಬಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಆ ಇನ್ನೊಬ್ಬಳು ಈಗ ಈ ಕಡೆ ತಿರುಗಿದ್ದಳು. ಅವಳಿಗೂ ಇದೇ ಜ್ವರ. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಪೂನಮಳಿಗೆ ತಾನು ಈವರೆಗೆ ಹೆದರಿದ್ದೇ ಹೊರತು, ಈ ಹುಡುಗಿ ಇಲ್ಲಿ ಎಷ್ಟು ಹೆದರಿರಬೇಕು ಎಂದು ಒಮ್ಮೆಯೂ ಯೋಚಿಸಿರಲಿಲ್ಲ ಎಂದು ನೇತ್ರಾಳಿಗೆ ಹೊಳೆಯಿತು.

ಕರೆಂಟು ಹೋಯಿತು. ಮಗ್ಗಗಳು ನಿಂತವು. ಕತ್ತಲೆಯಲ್ಲಿ ಬಾಗಿಲ ಕಡೆಯಿಂದ ದನಿ ಬಂತು, "ಪೂನಮಾ... ಇದ್ದೀಯಿಲ್ಲ?"

ಹೂಂ ಎಂದರೆ ಮುಗಿಯುತ್ತಿತ್ತು. ಆ ಒಂದು ಶಬ್ದ ನಾಲಿಗೆಯ ತುದಿಯಲ್ಲೇ ಇತ್ತು. ನೇತ್ರಾ ತುಟಿ ಬಿಗಿ ಹಿಡಿದಳು. ಅಜ್ಜಿ ಕಲಿಸಿದ ಮಾತುಗಳನ್ನು ಮನಸ್ಸಿನಲ್ಲಿ ಹೇಳಿಕೊಂಡಳು. ನನಗೆ ಭಯ ಇಲ್ಲದಿರಲಿ. ನನಗೆ ಒಳ್ಳೆಯದಾಗಲಿ. ಬಾಗಿಲಿಗೆ ಬೆನ್ನು ಕೊಟ್ಟು ಕೂತ ಈ ತಾಯಿಗೆ ಭಯ ಇಲ್ಲದಿರಲಿ. ಈ ತಾಯಿಗೆ ಒಳ್ಳೆಯದಾಗಲಿ. ಆಮೇಲೆ ಗೋಡೆ ಹಿಡಿದು ಎದ್ದು, ತೆವಳುತ್ತ ಹೋಗಿ ರೇಣವ್ವನ ಮುಂದೆ ಕೂತು, ಅವಳ ಎರಡೂ ಕೈ ಹಿಡಿದಳು.

"ಕಾಕೂ, ನಾ ನೇತ್ರಾ ಅದೇನಿ."

ರೇಣವ್ವ ಕೈ ಬಿಡಿಸಿಕೊಳ್ಳಲು ನೋಡಿದಳು.

"ಪೂನಮ ಇಲ್ಲ ಕಾಕೂ. ಸತ್ತ ಹೋಗ್ಯಾಳ. ನೀವು ಅಕಿನ್ನ ದವಾಖಾನಿಗೆ ಒಯ್ದದ್ದು ಛಲೋನ ಮಾಡಿದ್ರಿ. ತಪ್ಪಲ್ಲ ಅದು. ಅಕಿಗೆ ಆಗ ಹೆದರಿಕಿ ಆಗಿದ್ದಾಗ ನೀವು ಬಾಜೂಕ ಇದ್ರಿ." ನೇತ್ರಾ ಇನ್ನೂ ಹತ್ತಿರ ಸರಿದಳು. "ನನ್ನ ಮೈಮ್ಯಾಲಿನ ತೊಗಲ ತಗೀರಿ ಕಾಕೂ. ಒಳಗ ನಾ ಸುಡಾಕತ್ತೇನಿ."

ನೇತ್ರಾಳಿಗೆ ರೇಣವ್ವನ ಮುಖ ಕಾಣುತ್ತಿರಲಿಲ್ಲ. ಅವಳ ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ಎರಡು ಕೈಗಳು ನೇತ್ರಾಳ ಕುತ್ತಿಗೆಯ ಬಳಿ ಬಂದವು. ಅವು ಸ್ವೆಟರನ್ನು ಎಳೆಯಲಿಲ್ಲ. ಕೊರಳಿನಿಂದ ಸಡಿಲ ಮಾಡುತ್ತ, ಒಂದು ತೋಳು, ಇನ್ನೊಂದು ತೋಳು, ಬೆವರಿಗೆ ಅಂಟಿದ್ದ ಬೆನ್ನು, ಎಲ್ಲಿಯೂ ಚರ್ಮಕ್ಕೆ ನೋವಾಗದ ಹಾಗೆ ಬಿಡಿಸಿ ತೆಗೆದವು. ಹಟ್ಟಿಯಲ್ಲಿ ಪಳಗಿದ ಕೈ ಅದು.

ಅಗುಳಿ ಸರಿಯಿತು. "ಕಾಂತಕ್ಕಾ!" ಎಂದು ರೇಣವ್ವ ಓಣಿಯ ತುಂಬ ಕೇಳುವಂತೆ ಕೂಗಿದಳು. "ಆಟೋ ಕರಸ್ರಿ! ಹುಡುಗೀಗೆ ಜ್ವರ ಏರೈತಿ!"

ಡೆಂಗಿಯೇ ಆಗಿತ್ತು. ತಡವಾಗಿರಲಿಲ್ಲ. ಸಲೈನ್ ಹಚ್ಚಿದರು. ರೇಣವ್ವ ವಾರ್ಡಿನ ಒಳಗೆ ಕಾಲಿಡಲಾರದೆ ಹೊರಗಿನ ಬೆಂಚಿನ ಮೇಲೆ ಕೂತಳು. ಮರುದಿನ ಖಾನಾಪುರದಿಂದ ರೈಲಿಗೆ ಬಂದ ಚಂದ್ರಭಾಗಾ ಅಜ್ಜಿ ಮೊಮ್ಮಗಳನ್ನು ನೋಡಿ, ಹೊರಗೆ ಬಂದು ಅದೇ ಬೆಂಚಿನ ಮೇಲೆ ಕೂತಳು. ತೆರೆದ ಕಿಟಕಿಯಿಂದ ನೇತ್ರಾಳಿಗೆ ಎಲ್ಲ ಕೇಳುತ್ತಿತ್ತು. ಬಾಗಿಲಿಗೆ ಅಗುಳಿ ಹಾಕಿದ್ದರ ಬಗ್ಗೆ ಅಜ್ಜಿ ಬೈಯುತ್ತಾಳೆಂದು ಅವಳು ಅಂದುಕೊಂಡಿದ್ದಳು.

"ಏನಾಗಿತ್ರಿ ನಿಮ್ಮ ಮಗಳ ಹೆಸರು?" ಎಂದಳು ಅಜ್ಜಿ.

ರೇಣವ್ವ ತಡೆದು ಹೇಳಿದಳು, "ಪೂನಮ."

"ಹೆಂಗಿದ್ಳು?"

ಮೂರು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಎದುರಿಗೆ ಆ ಹೆಸರು ತೆಗೆಯಬಾರದೆಂದು ಎಲ್ಲರೂ ಮಾತು ತಿರುಗಿಸುತ್ತಿದ್ದರು. ರೇಣವ್ವ ಮಧ್ಯಾಹ್ನದವರೆಗೆ ಮಾತನಾಡಿದಳು. ಪೂನಮ ಹೇಗೆ ಗಟ್ಟಿಯಾಗಿ ಓದುತ್ತಿದ್ದಳು, ಹೇಗೆ ಅಪ್ಪನ ಸೈಕಲ್ಲಿನ ಗಾಳಿ ಬಿಡುತ್ತಿದ್ದಳು, ಕಡೆಯ ದಿನ ಹೇಗೆ ನೀರು ಕೇಳಿದಳು. ಅಜ್ಜಿ ನಡುವೆ ಸಮಾಧಾನ ಹೇಳಲಿಲ್ಲ. ಹೂಂ ಎನ್ನುತ್ತಿದ್ದಳು. ಕೊನೆಗೆ ತನ್ನದನ್ನೂ ಹೇಳಿದಳು.

"ನನ್ನ ಮಗಳ ಹೆಸರ ಶಾಲಿನಿ. ಇಕಿ ತಾಯಿ. ಅಕಿ ಹೋದಾಗ ನಾ ಭಟ್ಟಿ ಬಿಟ್ಟೆ, ಮಾತ ಬಿಟ್ಟೆ. ಭಂತೇಜಿ ಬಂದು, ಅಳಬ್ಯಾಡ ಅನ್ನಲಿಲ್ಲ. ಅಕಿಗೆ ಉಣ್ಣಾಕ ಏನ ಸೇರತಿತ್ತು ಅಂತ ಕೇಳಿದ್ರು. ಹಲಸಿನ ಹಣ್ಣು ಅಂದೆ. ಅದನ್ನ ದುಃಖ ಇದ್ದ ಮನಿಗೆ ಒಯ್ದು ಕೊಡು, ಪುಣ್ಯದ ಪಾಲು ಅಕಿಗೆ ಬಿಡು ಅಂದ್ರು. ಇನ್ನೂ ಕೊಡತೇನಿ. ಕಡಿಮಿ ಆತೇನು ಅಂದ್ರ, ಇಲ್ಲ. ಆದ್ರ ಒಬ್ಬಾಕೀನ ಹೊರೂದು ತಪ್ಪಿತು. ನಿಮ್ಮ ಪೂನಮಗ ಏನ ಸೇರತಿತ್ತ್ರಿ?"

"ನುಚ್ಚು, ಮಜ್ಜಿಗಿ" ಎಂದಳು ರೇಣವ್ವ. "ಅಕಿ ಹೋದ ಮ್ಯಾಲ ಮಾಡಿಲ್ಲ."

ಆಮೇಲೆ ರೇಣವ್ವ ಎದ್ದು ಹೋದಳು. ಸಂಜೆಯಾದರೂ ಬರಲಿಲ್ಲ. ನೇತ್ರಾ ಬಾಗಿಲನ್ನೇ ನೋಡುತ್ತ ಮಲಗಿದ್ದಳು. ಮೈಮೇಲೆ ಈಗ ಆಸ್ಪತ್ರೆಯ ಚಾದರ ಬಿಟ್ಟು ಏನೂ ಇರಲಿಲ್ಲ. ತೊಗಲಿಲ್ಲದ ಮರಿಯನ್ನು ಮೂಸಿ ನೋಡಿದ ಕುರಿ ಏನು ಮಾಡುತ್ತದೆಂದು ಅವಳಿಗೆ ಲಕ್ಷ್ಮಪ್ಪ ಹೇಳಿದ್ದ.

ದೀಪ ಹಚ್ಚುವ ಹೊತ್ತಿಗೆ ರೇಣವ್ವ ಬಂದಳು. ವಾರ್ಡಿನ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಸೆರಗು ಬಿಗಿದುಕೊಂಡು ಒಳಗೆ ಕಾಲಿಟ್ಟಳು. ಕೈಯಲ್ಲಿ ಡಬ್ಬಿ. ಜೋಳದ ನುಚ್ಚು, ತೆಳ್ಳಗಿನ ಮಜ್ಜಿಗೆ. ಮಂಚದ ಬಳಿ ಬಂದು, ಮೊದಲ ದಿನದ ಹಾಗೆ ಬಾಗಿ ನೇತ್ರಾಳ ಕುತ್ತಿಗೆಯ ಬಳಿ ಮೂಗು ಒಯ್ದಳು. ಔಷಧಿ, ಬೆವರು. ಪೂನಮಳ ವಾಸನೆ ಎಲ್ಲಿಯೂ ಇರಲಿಲ್ಲ. ಅವಳ ಗಲ್ಲದಿಂದ ಒಂದು ಹನಿ ನೇತ್ರಾಳ ಹೆಗಲ ಮೇಲೆ ಬಿತ್ತು.

"ಏಳು ನೇತ್ರಾ," ಎಂದಳು. "ಉಣ್ಣು."

ಭಾದ್ರಪದದ ಹುಣ್ಣಿಮೆಗೆ ರೇಣವ್ವ, ಲಕ್ಷ್ಮಪ್ಪ ಇಬ್ಬರೂ ನೇತ್ರಾಳ ಹಳ್ಳಿಗೆ ಹೋದರು. ಅಜ್ಜಿಯ ಅಂಗಳದ ಕಲ್ಲಿನ ಮೇಲೆ ಸ್ವೆಟರ್ ತೊಳೆದವಳು ರೇಣವ್ವನೇ. ಮೂರು ವರ್ಷದಲ್ಲಿ ಅದಕ್ಕೆ ನೀರು ಮುಟ್ಟಿಸಿರಲಿಲ್ಲ. ಹಿಂಡಿ, ಮೂಸಿ ನೋಡಿದಳು. ಬರೀ ಸಾಬೂನು. ಆಗ ಅವಳು ಮಗಳ ಹೆಸರು ಹಿಡಿದು ಗಟ್ಟಿಯಾಗಿ ಅತ್ತಳು. ಲಕ್ಷ್ಮಪ್ಪ ಬಾಜುವಿನಲ್ಲಿ ಕುಕ್ಕರುಗಾಲಲ್ಲಿ ಕೂತು ತಾನೂ ಅತ್ತ. ಸ್ವೆಟರ್ ಒಣಗಿದ ಮೇಲೆ ನೇತ್ರಾ ಅದನ್ನು ಕೇಳಿ ಪಡೆದಳು. ಥಂಡಿಯಲ್ಲಿ ಅದನ್ನೇ ಹಾಕುತ್ತಾಳೆ.

ಪೂನಮ ಆ ಮನೆಯಿಂದ ಪೂರ್ತಿ ಹೋಗಿದ್ದಾಳೆಂದು ಹೇಳುವಂತಿಲ್ಲ. ಕರೆಂಟು ಹೋಗಿ ಮಗ್ಗಗಳು ನಿಂತಾಗ ರೇಣವ್ವನ ಕೈ ಈಗಲೂ ರಾಟೆಯ ಮೇಲೆ ನಿಲ್ಲುತ್ತದೆ. ಒಂದು ಸಲ ಮೆಲ್ಲಗೆ ಹೆಸರು ಹೇಳುತ್ತಾಳೆ. ಉತ್ತರಕ್ಕೆ ಕಾಯುವುದಿಲ್ಲ, ರಾಟೆ ತಿರುಗಿಸುತ್ತಾಳೆ. ನೇತ್ರಾ ಓದು ಮುಗಿಸಿ ಖಾನಾಪುರದ ಶಾಲೆಯೊಂದಕ್ಕೆ ಸೇರಿದ್ದಾಳೆ. ಒಳಕೋಣೆಯಲ್ಲಿ ಈಗ ಬೇರೆ ಹುಡುಗಿ ಇದ್ದಾಳೆ. ಅವಳನ್ನು ರೇಣವ್ವ ಅವಳ ಹೆಸರಿನಿಂದಲೇ ಕರೆಯುತ್ತಾಳೆ.

ರೇಣವ್ವ ಈಗ ಬೆಳಿಗ್ಗೆ ಕಂಡಿಕೆ ಸುತ್ತುತ್ತಾಳೆ. ಖಾಸಬಾಗದ ಯಾವ ಓಣಿಯಲ್ಲಿ ಸಾವಾದರೂ, ಯಾವ ಮಂದಿಯೆಂದು ಕೇಳದೆ, ನುಚ್ಚು-ಮಜ್ಜಿಗೆಯ ಬುತ್ತಿ ಒಯ್ಯುತ್ತಾಳೆ. ಆ ಮನೆಯ ತಾಯಿಯ ಬಾಜುವಿನಲ್ಲಿ ಕೂತು, ಸತ್ತವರ ಹೆಸರು ಕೇಳುತ್ತಾಳೆ.